ಅಂಗಾತ ಮಲಗಿದ ಕೂಸು

ಕೂಸು ಮತ್ತೆ ಅಂಗಾತ ಮಲಗಿತ್ತು.

ಕುರಿಮರಿಗಳಿಗೆ ತೊಗರಿ ಹೊಟ್ಟು ಹಾಕಿ ಒಳಗೆ ಬಂದ ರೇಣಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು. ಮುಂಜಾನೆ ನೀರೆರೆದು, ಲೋಬಾನದ ಹೊಗೆ ಕೊಟ್ಟು, ಕರಿಕಂಬಳಿಯ ಮೇಲೆ ಬೋರಲು ಮಲಗಿಸಿ, ಅದೇ ಕಂಬಳಿಯ ಇನ್ನೊಂದು ಮಡಿಕೆಯನ್ನು ತಲೆಯವರೆಗೂ ಹೊದಿಸಿ ಹೋದವಳು ಅವಳೇ. ಈಗ ನೋಡಿದರೆ ಕಂಬಳಿ ಗೋಡೆಯ ಬುಡದಲ್ಲಿ ಮಡಚಿ ಕೂತಿದೆ. ಸಾಸಿವೆ ತುಂಬಿದ ದಿಂಬು ಮೂಲೆ ಸೇರಿದೆ. ಬೆಚ್ಚಗಿರಲಿ ಎಂದು ಇಟ್ಟಿದ್ದ ಕೆಂಡದ ಬೋಗುಣಿ ಅಂಗಳಕ್ಕೆ ಹೋಗಿದೆ. ಕೂಸು ಚಾಪೆಯ ಮೇಲೆ ಬಿಗಿಯಾಗಿ ಹಾಸಿದ ಹಳೆ ಸೀರೆಯ ಮೇಲೆ, ಜಂತಿ ಎಣಿಸುವವರ ಹಾಗೆ ಮುಖ ಮೇಲೆ ಮಾಡಿ, ಎರಡೂ ತೋಳು ಚೆಲ್ಲಿ ನಿದ್ದೆ ಹೋಗಿದೆ.

ಮೂರು ತಿಂಗಳು ಇನ್ನೂ ತುಂಬದ, ಮಗ್ಗುಲಾಗಲು ಬಾರದ ಹೆಣ್ಣುಕೂಸು. ತಾನಾಗಿ ಹೊರಳಿತು ಅನ್ನುವಂತಿಲ್ಲ. ಯಾರೋ ಹೊರಳಿಸಿದ್ದಾರೆ. ಇದು ಮೊದಲ ಸಲವೂ ಅಲ್ಲ.

ಕುರಿ ಕಾಯುವವರ ಮನೆಯಲ್ಲಿ ಅಂಗಾತ ಅನ್ನುವ ಮಾತೇ ಕೆಟ್ಟದ್ದು. ಮೈತುಂಬ ಉಣ್ಣೆಯ ಕುರಿಯೋ, ಗಬ್ಬದ ಕುರಿಯೋ ತಗ್ಗಿನಲ್ಲಿ ಮೈ ತಿಕ್ಕಲು ಹೋಗಿ ಬೆನ್ನ ಮೇಲೆ ಬಿತ್ತೆಂದರೆ ನಾಲ್ಕೂ ಕಾಲು ಆಕಾಶಕ್ಕೆ. ಏಳಲಾರದು. ಹೊಟ್ಟೆ ಉಬ್ಬುತ್ತದೆ, ಉಸಿರು ಕಟ್ಟುತ್ತದೆ. ಕಾಯುವವನು ಉಂಡು ಒಂದು ನಿದ್ದೆ ತೆಗೆದು ಬರುವಷ್ಟರಲ್ಲಿ ಕಾಗೆ ಬಂದು ಕೂತಿರುತ್ತದೆ. ರೇಣಮ್ಮ ಲಗ್ನವಾಗಿ ಬಂದ ವರ್ಷವೇ ಮಾವ ಹೇಳಿಕೊಟ್ಟಿದ್ದ: "ಅಂಗಾತ ಬಿದ್ದದ್ದು ಎಲ್ಲಿ ಕಂಡರೂ ಮದಲ ಹೊಳ್ಳಿಸು. ಯಾರದಂತ ಆಮ್ಯಾಲ ಕೇಳು." ಮರಿ ಹುಟ್ಟಿದಾಗಲೂ ಅಷ್ಟೇ. ಬೋರಲು ಹಾಕಿ ಬೆನ್ನು ಉಜ್ಜಿದರೆ ಬಾಯಿಯ ಲೋಳೆ ಇಳಿದು ಹೋಗುತ್ತದೆ. ತನ್ನ ಮಕ್ಕಳನ್ನೂ ಅವಳು ಹಾಗೆಯೇ ಮಲಗಿಸಿದವಳು. ಹಟ್ಟಿ ಕಟ್ಟಿಕೊಂಡು ಹೊಲದಿಂದ ಹೊಲಕ್ಕೆ ತಿರುಗುವಾಗ ತೊಟ್ಟಿಲನ್ನು ಎಲ್ಲಿ ತೂಗುಹಾಕುವುದು? ಕೆಳಗೂ ಕಂಬಳಿ, ಮೇಲೂ ಕಂಬಳಿ, ನಡುವೆ ಬೋರಲು ಕೂಸು. ಮೂರು ಮಕ್ಕಳು ಹಾಗೇ ಬೆಳೆದು ಮೀಸೆ ಬಂದವರಾದರು, ಮಕ್ಕಳ ತಾಯಿಯಾದರು.

ಮಾವ ಹೇಳಿದಂತೆ ಮೊದಲು ಕೂಸನ್ನು ಬೋರಲು ಮಾಡಿದಳು. ಆಮೇಲೆ, ಯಾರಿರಬಹುದು ಎಂದು ಯೋಚಿಸಿದಳು. ಯೋಚಿಸುವುದೇನು ಬಂತು? ಕಣ್ಣು ತಾನಾಗಿ ನಡುಬಾಗಿಲ ಕಡೆ ಹೋಯಿತು.

ರಂಗಂಪೇಟೆಯ ಅಂಚಿನಲ್ಲಿ, ಸುರಪುರದ ಗುಡ್ಡದ ಬಂಡೆಗಳು ಹಿತ್ತಲವರೆಗೂ ಉರುಳಿ ಬಂದು ನಿಂತ ಕಡೆ ಇತ್ತು ಆ ಮನೆ. ಅಣ್ಣತಮ್ಮಂದಿರು ಬೇರೆಯಾದಾಗ ನಡುವೆ ಗೋಡೆ ಎದ್ದಿತು, ಒಂದು ಬಾಗಿಲು ಉಳಿಯಿತು. ಈ ಕಡೆ ರೇಣಮ್ಮ, ಗಂಡ ಬೀರಣ್ಣ, ಮಗ ಬೀರೇಶ, ಸೊಸೆ ನಂದಿನಿ. ಆ ಕಡೆ ಬೀರಣ್ಣನ ತಮ್ಮನ ಹೆಂಡತಿ ಸುಗಲಮ್ಮ ಒಬ್ಬಳೇ. ಗಂಡ ತೀರಿಹೋಗಿದ್ದ, ಮಕ್ಕಳಾಗಿರಲಿಲ್ಲ.

ಈ ಕೂಸಿಗಿಂತ ಮೊದಲು ನಂದಿನಿಗೆ ಒಂದು ಗಂಡುಕೂಸಿತ್ತು. ತವರಿನಲ್ಲಿ ಹೆತ್ತು, ಬಾಣಂತನ ಮುಗಿಸಿ ಕರೆತಂದಾಗ ಗುಂಡುಕಲ್ಲಿನ ಹಾಗಿತ್ತು. ಬಂದ ಹೊಸತರಲ್ಲೇ ಸುಗಲಮ್ಮ ಎತ್ತಿಕೊಂಡು, "ಯವ್ವಾ, ಎಷ್ಟ ಭಾರ ಆಗ್ಯಾನ ನನ್ನಪ್ಪ, ಕೈ ಜಗ್ತಾವ!" ಅಂದಳು. ಮರುದಿನ ರೇಣಮ್ಮ ಎರೆದು ಮಲಗಿಸಿದ ಕೂಸು ಮತ್ತೆ ಏಳಲಿಲ್ಲ. ಎಂಥ ಚಂದ ನಿದ್ದೆ ಮಾಡುತ್ತಿದೆ ಎಂದು ಮನೆಯವರೆಲ್ಲ ಮೆತ್ತಗೆ ಮಾತಾಡುತ್ತಿದ್ದಾಗ, ಎದೆ ಬಿಗಿದು ಹಾಲು ಕುಡಿಸಲು ಹೋದ ನಂದಿನಿ ಚೀರಿದಳು. ದವಾಖಾನೆಯ ಡಾಕ್ಟರು, "ನಿದ್ದ್ಯಾಗ ಉಸುರು ನಿಂತದ, ಯಾಕಂತ ಹೇಳಾಕ ಬರೂದಿಲ್ಲ" ಅಂದರು. ಡಾಕ್ಟರಿಗೆ ಹೇಳಲು ಬಾರದಿದ್ದರೇನು, ರೇಣಮ್ಮನಿಗೆ ಬರುತ್ತಿತ್ತು. ಎದುರಿನ ಕಿರಾಣಿ ಅಂಗಡಿಯ ಅನ್ನಮ್ಮನ ಮುಂದೆ ಹೇಳಿದಳು, ನಳದ ಕಟ್ಟೆಯಲ್ಲಿ ಹೇಳಿದಳು. ನಡುಬಾಗಿಲಿಗೆ ಅಗಳಿ ಬಿತ್ತು. ಅಂದಿನಿಂದ ಓಣಿಯ ಹೆಂಗಸರು ಸುಗಲಮ್ಮ ಎದುರು ಬಂದರೆ ತಮ್ಮ ಕೂಸುಗಳ ಮುಖಕ್ಕೆ ಸೆರಗು ಎಳೆಯುತ್ತಿದ್ದರು.

ಈಗ ಎರಡನೆಯದು. ಇದೂ ಹೋದರೆ ಮನೆಯಲ್ಲಿ ಉಳಿಯುವುದೇನು ಎಂದು ರೇಣಮ್ಮ ದಿನಾ ಎದ್ದು ಬೀರಪ್ಪ ದೇವರ ಭಂಡಾರದ ಅರಿಸಿನ ಹಣೆಗೆ ಹಚ್ಚುವಾಗ ನಡುಗುತ್ತಿದ್ದಳು.

ನಂದಿನಿ ಒಗೆದ ಅರಿವೆಯ ಬುಟ್ಟಿ ಹೊತ್ತು ಬಂದಳು.

"ನಂದಿನಿ, ಕೂಸಿನ್ನ ಯಾರ ಹೊಳ್ಳಿಸ್ಯಾರ?"

"ಯಾರ ಹೊಳ್ಳಸ್ತಾರ್ರಿ ಅತ್ತಿ? ನಾ ಅರಿವಿ ಒಗ್ಯಾಕ ಹೋಗಿದ್ದೆ."

"ಮತ್ತ ಕಂಬಳಿಗೆ ಕಾಲ ಬಂದಾವೇನು? ನಡಕೊಂತ ಗ್ವಾಡಿ ತನಕ ಹೋಗ್ಯದಲ್ಲ."

"ಸೆಕಿ ಆಗಿ ಒದ್ದಿರಬೇಕ್ರಿ."

"ಒದ್ದು, ಎದ್ದು, ಮಡಚಿ ಇಟ್ಟದ! ಭಾರಿ ಶ್ಯಾಣ್ಯಾಕಿನ್ನ ಹಡದಿ ಬಿಡವ್ವ. ನಾಳಿ ಹಿಟ್ಟ ನಾದಿ ರೊಟ್ಟೀನೂ ಬಡೀತಾಳ."

ನಂದಿನಿ ನಗಲಿಲ್ಲ. ಅರಿವೆಯ ಬುಟ್ಟಿ ಕೆಳಗಿಟ್ಟು ಬೋರಲು ಮಲಗಿದ ಕೂಸನ್ನೇ ನೋಡುತ್ತ ನಿಂತಳು. ಸ್ವಲ್ಪ ಹೊತ್ತಿಗೆ, ಹಸಿದಿರಬೇಕು ಎಂದು ಎತ್ತಿಕೊಂಡುಬಿಟ್ಟಳು. ಈಗಷ್ಟೇ ಕುಡಿದ ಕೂಸಿಗೆ ಹಸಿವೆಯೆಲ್ಲಿಯದು? ಈ ಹುಡುಗಿ ಮೊದಲಿನ ಹಾಗಿಲ್ಲ ಅನ್ನಿಸಿತು ರೇಣಮ್ಮನಿಗೆ. ರಾತ್ರಿಯೂ ಅಷ್ಟೇ, ಕೂಸನ್ನು ಮಗ್ಗುಲಿಗೆ ಅವಚಿಕೊಳ್ಳುವುದಿಲ್ಲ. ಕೈಗೆಟುಕುವಷ್ಟು ದೂರ ಬೇರೆ ಚಾಪೆ ಹಾಸುತ್ತಾಳೆ. ಹೆತ್ತ ಕೂಸನ್ನು ದೂರ ಮಲಗಿಸುವ ತಾಯಿ ಇದ್ದಾಳೆಯೇ? ಮಗ್ಗುಲು ಮನೆಯವಳೇ ಏನಾದರೂ ಕಿವಿಯೂದಿ ಮನಸ್ಸು ಕೆಡಿಸಿರಬೇಕು.

ಅಂಗಳಕ್ಕೆ ಹೋಗಿ ರೇಣಮ್ಮ ಒಂದು ಮರಿಯನ್ನು ಮುಂದಿಟ್ಟುಕೊಂಡು, ಗೋಡೆಯಾಚೆ ಕೇಳುವ ಹಾಗೆ ಅಂದಳು: "ಕೆಲವರ ಕಣ್ಣು ಇರ್ತಾವ ನೋಡಪ್ಪ ಮರಿ, ಕಲ್ಲಿಗೆ ಬಿದ್ದರ ಕಲ್ಲು ಸೀಳ್ತಾವ."

ಗೋಡೆಯಾಚೆ ಸುಗಲಮ್ಮ ತನ್ನ ಕೋಳಿಗೆ ಕಾಳು ಹಾಕುತ್ತಿದ್ದಳು. "ಕೆಲವರ ನಾಲಿಗಿ ಇರ್ತಾವ ನೋಡವ್ವ ಕೋಳಿ," ಅಂದಳು, "ಅವಕ್ಕ ಕಲ್ಲೂ ಬೇಕಾಗಿಲ್ಲ."

ಅದರ ಮರುದಿನ ಮೆಹನಾಜ ಬಂದಳು. ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ, ಅದೇ ರಂಗಂಪೇಟೆಯ ಹುಡುಗಿ. ಕೂಸನ್ನು ಜೋಳಿಗೆಯಲ್ಲಿ ಇಳಿಬಿಟ್ಟು ತೂಕ ನೋಡಿದಳು. ಚಲೋ ಕುಡಿಯಾಕತ್ತದ, ಎದಿಹಾಲು ಬಿಟ್ಟು ಬ್ಯಾರೆ ಏನೂ ಹಾಕಬ್ಯಾಡ್ರಿ ಅಂದಳು. ಮೂಲೆಯ ಕೆಂಡದ ಬೋಗುಣಿ, ಲೋಬಾನದ ಬೂದಿ, ಕಂಬಳಿ, ದಿಂಬು ಎಲ್ಲವನ್ನೂ ಅವಳ ಕಣ್ಣು ಒಂದೊಂದಾಗಿ ಮುಟ್ಟಿ ಬಂದದ್ದನ್ನು ರೇಣಮ್ಮ ನೋಡಿದಳು. ಪೊಲೀಸರ ಹಾಗೆ ನೋಡುತ್ತಾಳಲ್ಲ ಇವಳು.

"ಆಯಿ, ಒಂದು ಮಾತ ಹೇಳ್ಲೇನ್ರಿ? ಕೂಸು ಮಲಗುವಾಗ ಅಂಗಾತ ಮಲಗಸ್ರಿ. ಮಾರಿ ಖುಲ್ಲಾ ಇರ್ಲಿ. ಕಂಬಳಿ, ದಿಂಬು ಹತ್ರ ಬ್ಯಾಡ. ಹೊಗೀನೂ ಬ್ಯಾಡ. ಥಂಡಿಗೆ ಒಂದು ಅಂಗಿ ಹೆಚ್ಚಿಗಿ ತೊಡಸ್ರಿ, ಸಾಕು."

"ನಿನಗೆಷ್ಟ ಮಕ್ಕಳವ್ವ?"

"ಇನ್ನೂ ಲಗ್ನ ಆಗಿಲ್ರಿ."

"ಹಂಗಂದ್ರ ಮದಲ ಲಗ್ನ ಆಗು. ಆಮ್ಯಾಲ ಬಂದು ನನಗ ಕೂಸು ಮಲಗಸೂದು ಕಲಸು. ಅಂಗಾತ ಬಿದ್ದ ಕುರಿ ಹ್ಯಾಂಗ ಸಾಯ್ತದ ನೋಡೀಯೇನು?"

"ನೋಡಿಲ್ರಿ ಆಯಿ. ಆದ್ರ ನಿಮ್ಮ ಮೊಮ್ಮಗಳು ಮೇವು ತಿಂದು ಮೆಲಕು ಹಾಕೂದಿಲ್ಲಲ್ರಿ," ಎಂದು ಮೆಹನಾಜ ನಕ್ಕಳು. ನಂದಿನಿಯ ತುಟಿಯೂ ಅಲುಗಿತು. ಅಲುಗಿದ್ದು ಕಂಡು ರೇಣಮ್ಮನ ಮೈ ಉರಿಯಿತು.

"ಹಾಲು ಕಕ್ಕಿದರ? ಅಂಗಾತ ಇದ್ದರ ನೆತ್ತಿಗೇರಿ ಸಾಯ್ತದ."

"ಇಲ್ರಿ, ಅಂಗಾತ ಇದ್ದರೂ ಕೂಸು ತಾನ ನುಂಗ್ತದ, ಇಲ್ಲಾ ಉಗುಳ್ತದ. ಉಸುರಿನ ಕೊಳವಿ ಮ್ಯಾಲಿರ್ತದ, ಅನ್ನದ ಕೊಳವಿ ಕೆಳಗ. ದವಾಖಾನ್ಯಾಗ ನಮಗ ಚಿತ್ರ ತಗದು ತೋರಿಸ್ಯಾರ."

"ಚಿತ್ರದಾಗ ಯಾವ ಕೂಸು ಸತ್ತದವ್ವ?" ಅಂದಳು ರೇಣಮ್ಮ. ಮೆಹನಾಜ ತೂಕದ ಜೋಳಿಗೆ ಮಡಚಿ ಎದ್ದಳು.

ಹೋಗುವಾಗ ಅವಳು ನೆಟ್ಟಗೆ ಹೋಗಲಿಲ್ಲ. ಸುಗಲಮ್ಮನ ಬಾಗಿಲ ಮುಂದೆ ನಿಂತಳು. ಇಬ್ಬರೂ ಏನೋ ಪಿಸುಗುಟ್ಟಿದರು. ಸುಗಲಮ್ಮ ತಲೆಯಾಡಿಸಿದಳು. ಬಾಗಿಲ ಮರೆಯಿಂದ ಅಷ್ಟನ್ನೂ ಕಂಡ ರೇಣಮ್ಮನಿಗೆ ಇನ್ನೇನು ಬೇಕು? ಕೂಸನ್ನು ಅಂಗಾತ ಹಾಕು ಎಂದು ಒಬ್ಬಳು ಹೇಳುತ್ತಾಳೆ, ಕದ್ದು ಬಂದು ಇನ್ನೊಬ್ಬಳು ಹಾಕುತ್ತಾಳೆ. ಅಗಳಿ ಹಾಕಿದ ಬಾಗಿಲಿನಿಂದ ಹೇಗೆ ಬರುತ್ತಾಳೆ ಅನ್ನುವುದೊಂದೇ ತಿಳಿಯಬೇಕಿತ್ತು. ಹಿಡಿಯಬೇಕು. ಕೈಯಲ್ಲಿ ಕೂಸಿದ್ದಾಗಲೇ ಹಿಡಿಯಬೇಕು, ನಾಲ್ಕು ಮಂದಿಯನ್ನು ಕರೆದು ತೋರಿಸಬೇಕು.

"ನಾಳಿ ಶಹಾಪುರಕ್ಕ ಹೋಗ್ತೀನಿ," ಎಂದು ಸಂಜೆ ಅಂಗಳದಲ್ಲಿ ನಿಂತು ಗಟ್ಟಿಯಾಗಿಯೇ ಹೇಳಿದಳು. "ಗಂಡಸರಿಗೆ ರೊಟ್ಟಿ ಕೊಟ್ಟು ಬರ್ತೀನಿ. ಹೊತ್ತ ಮುಣಗೂದ್ರಾಗ ಬರ್ತೀನಿ."

ಬೀರಣ್ಣ, ಬೀರೇಶ ಇಬ್ಬರೂ ಕುರಿ ಹೊಡೆದುಕೊಂಡು ಶಹಾಪುರದ ಕಡೆ ಹೋಗಿದ್ದರು. ಕಾಲುವೆ ಕೆಳಗಿನ ನೆಲ್ಲು ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆ ಹಿಂಡು ಕೂರಿಸುವ ಕಾಲ ಅದು. ಎಳೆ ಮರಿಗಳು, ಸೋತ ಕುರಿಗಳು ಮಾತ್ರ ಮನೆಯಲ್ಲಿದ್ದವು. ಕಟಕ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿ, ಮರುದಿನ ಕೂಸಿಗೆ ಎರೆದು, ಬೋರಲು ಮಲಗಿಸಿ, ಕಂಬಳಿ ಹೊದಿಸಿ ರೇಣಮ್ಮ ಹೊರಟಳು. ನಂದಿನಿ ಬಾಗಿಲವರೆಗೂ ಬಂದು, "ಹುಷಾರ್ರಿ ಅತ್ತಿ, ಸೀಟ ಹಿಡಕೊಂಡು ಕುಂದರ್ರಿ," ಅಂದಳು. ಎಂದೂ ಇಲ್ಲದ ಕಾಳಜಿ.

ಬಸ್ ನಿಲ್ಲುವ ಕಡೆ ಖಾಜಾಹುಸೇನ ತನ್ನ ಟೆಂಪೊಗೆ ಹತ್ತಿಯ ಅಂಡಿಗೆ ಏರಿಸುತ್ತಿದ್ದ. ಶಹಾಪುರದ ದಲಾಲರ ಅಂಗಡಿಗೆ ದಿನಾ ಓಡುವವನು. ರೇಣಮ್ಮ ಗಂಟನ್ನು ಅವನ ಕೈಗಿಟ್ಟಳು.

"ಕಾಲುವಿ ಹತ್ರ ನಮ್ಮವರು ಇಳದಾರ. ಮುಟ್ಟಸಪ್ಪ."

"ಟೆಂಪೊದಾಗ ಜಾಗಾ ಅದ, ಹತ್ತು ಆಯಿ. ಬೀರಣ್ಣನ ಮಾರಿ ನೋಡಿ ಬರೂವಂತಿ."

"ಲಗ್ನ ಆದಾಗಿಂದ ನೋಡೀನಿ ಆ ಮಾರಿ. ಬದಲಾಗಿದ್ದರ ಫೋನ್ ಮಾಡು, ಬರ್ತೀನಿ."

ಖಾಜಾಹುಸೇನ ನಗುತ್ತಿದ್ದ ಹಾಗೆಯೇ ಅವಳು ಬಂಡೆಗಳ ಸಂದಿಯ ಕಾಲುದಾರಿ ಹಿಡಿದು ತನ್ನ ಮನೆಯ ಹಿಂದಕ್ಕೆ ಬಂದಳು. ಮರಿಗಳ ದೊಡ್ಡಿಯ ಗೋಡೆಗೆ ಆನಿಕೊಂಡರೆ ಒಳಮನೆಯ ಬೆಳಕಿಂಡಿ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ತನ್ನ ಮನೆಗೆ ತಾನೇ ಕಳ್ಳಿಯ ಹಾಗೆ ಬಂದದ್ದಕ್ಕೆ ನಾಚಿಕೆಯೇನೂ ಆಗಲಿಲ್ಲ. ಕಳ್ಳರನ್ನು ಹಿಡಿಯುವವರು ಹೀಗೇ ಬರಬೇಕು.

ಒಳಗೆ ನಂದಿನಿ ಬಂದಳು. ಕೂಸಿನ ಪಕ್ಕ ಮಂಡಿಯೂರಿದಳು. ಅವಸರವಿಲ್ಲದೆ, ದಿನಾ ಮಾಡುವ ಕೆಲಸದ ಹಾಗೆ, ಕಂಬಳಿ ಸರಿಸಿದಳು. ಕೂಸಿನ ತಲೆ ಅಂಗೈಯಲ್ಲಿ ಹಿಡಿದು ಮೆಲ್ಲಗೆ ಅಂಗಾತ ಮಾಡಿದಳು. ಕಂಬಳಿ ಎಳೆದು ಮಡಚಿದಳು. ದಿಂಬು ಮೂಲೆಗೆ, ಬೋಗುಣಿ ಹೊರಗೆ. ಆಮೇಲೆ ಎದ್ದು ಹೋಗಿ ನಡುಬಾಗಿಲ ಅಗಳಿಯನ್ನು ಒಳಗಿನಿಂದ ತಾನೇ ತೆಗೆದಳು.

ಸುಗಲಮ್ಮ ಬಂದಳು. ಕೂಸನ್ನು ಮುಟ್ಟಲಿಲ್ಲ. ದೂರ ಗೋಡೆಗೆ ಒರಗಿ ಕೂತು ಸೆರಗಿನ ತುದಿಯಿಂದ ನೊಣ ಓಡಿಸತೊಡಗಿದಳು.

"ಎಷ್ಟ ದಿನಾ ಹಿಂಗ ಕದ್ದು ಹೊಳ್ಳಸ್ತಿ ನಂದಿನಿ? ಯಕ್ಕಗ ಹೇಳಿಬಿಡು."

"ಹ್ಯಾಂಗ ಹೇಳ್ಲಿ ಸಣ್ಣತ್ತಿ? ಅಂಗಾತ ಮಲಗಸ್ರಿ ಅಂದ್ರ, 'ಮದಲಿಂದು ಬೋರಲ ಮಲಗಿಸಿದ್ದಕ್ಕ ಹೋತು ಅಂತೀಯೇನು' ಅಂತಾರ. ಆ ಮಾತಿಗೆ ನಾ ಏನಂತ ಹೇಳ್ಲಿ? ಮೂರ ಮಕ್ಕಳ ಹಿಂಗ ಬೆಳಸೀನಿ ಅಂತ ದಿನಾ ಹೇಳ್ತಾರ."

ಸುಗಲಮ್ಮ ಸೆರಗು ಬೀಸಿ ಇನ್ನೊಂದು ನೊಣ ಓಡಿಸಿದಳು.

"ಬೆಳದದ್ದು ಮೂರು," ಅಂದಳು. "ಹಡದದ್ದು ನಾಕು. ನಾ ಆಗಿನ್ನೂ ಹೊಸದಾಗಿ ಬಂದಾಕಿ. ಹಟ್ಟಿ ಅಬ್ಬೆತುಮಕೂರಿನ ಹತ್ರ ಇಳದಿತ್ತು, ಮಠದ ಗಂಟಿ ಕೇಳೂವಷ್ಟು ಹತ್ರ. ಹೆಣ್ಣುಕೂಸು. ಮುಂಜಾನಿ ನೋಡಿದ್ರ ಕಂಬಳಿ ಒಳಗ ತಣ್ಣಗಾಗಿತ್ತು. ಗಾಳಿ ಬಡೀತು ಅಂದ್ರು. ಯಕ್ಕ ಆ ಕೂಸಿನ ಹೆಸರು ಮತ್ತ ಬಾಯಾಗ ತಂದಿಲ್ಲ."

ಗೋಡೆಯ ಹೊರಗೆ ರೇಣಮ್ಮನ ಕೈ ಜಾರಿತು. ಅಷ್ಟೇ ಸಾಕಾಯಿತು. ದೊಡ್ಡಿಯ ಮರಿಗಳಿಗೆ ಅವಳ ವಾಸನೆ ಗೊತ್ತು. ಹೊಟ್ಟು ತಂದಳೆಂದು ಎಲ್ಲವೂ ಒಮ್ಮೆಗೇ ಬಾಯಿ ತೆರೆದು, ಗೋಡೆಗೆ ಕಾಲು ಕೊಟ್ಟು ಅರಚತೊಡಗಿದವು. ಮರಿಗಳಿಗೆ ಗುಟ್ಟು ಕಾಯಲು ಬರುವುದಿಲ್ಲ.

ಒಳಗೆ ಬಂದಾಗ ಇಬ್ಬರೂ ಎದ್ದು ನಿಂತಿದ್ದರು.

"ಬಸ್ಸು ತಪ್ಪಿತೇನ್ರಿ ಅತ್ತಿ?" ಅಂದಳು ನಂದಿನಿ.

"ಬಸ್ಸು ಎಲ್ಲಾ ನೆಟ್ಟಗ ಅವ. ಮನಿ ಒಳಗಿನ ಮಂದಿ ನೆಟ್ಟಗಿಲ್ಲ." ರೇಣಮ್ಮ ಸೊಸೆಯನ್ನು ಬಿಟ್ಟು ಬೇರೆ ಯಾರನ್ನೂ ನೋಡಲಿಲ್ಲ. "ನನ್ನ ಮ್ಯಾಲ ಗುಮಾನಿ ಇಟಗೊಂಡು ನನ್ನ ಕೈಲೆ ಉಂಡಿ. ನಾ ಕೊಂದೆ ಅಂತ ಹೇಳು. ಇಲ್ಲೆ ನಿಂತು ಹೇಳು."

"ಹಂಗ ನಾ ಅಂದಿಲ್ರಿ."

"ಮತ್ತ?"

ನಂದಿನಿ ಕೂಸಿಗೂ ಅತ್ತೆಗೂ ನಡುವೆ ಬಂದು ನಿಂತಳು. ಬೇಕೆಂದು ನಿಂತದ್ದಲ್ಲ, ಕಾಲು ತಾನಾಗಿ ಅಲ್ಲಿಗೆ ಹೋಯಿತು. ರೇಣಮ್ಮ ಅದನ್ನೂ ಕಂಡಳು.

"ಈ ಕೂಸಿನ ಹೆರಿಗಿಗೆ ಹೋದಾಗ ದವಾಖಾನ್ಯಾಗ ಸಿಸ್ಟರ್ ಕೇಳಿದ್ರು, ಮದಲಿಂದು ಹ್ಯಾಂಗ ಮಲಗಿತ್ತವ್ವ ಅಂತ. ಎಲ್ಲಾ ಹೇಳಿದೆ. ಬೋರಲ ಹಾಕಿದ್ದಕ್ಕ ಹೋತೇನ್ರಿ ಅಂತ ನಾನೂ ಅತ್ತುಕೊಂತ ಕೇಳೀನಿ. 'ಹಂಗ ಹೇಳಾಕ ಯಾರಿಗೂ ಬರೂದಿಲ್ಲ, ಅಂಗಾತ ಮಲಗಿದ್ದೂ ಒಮ್ಮೊಮ್ಮೆ ಹೋಗ್ತಾವ, ಬೋರಲ ಮಲಗಿದ್ದು ಎಷ್ಟೋ ಬದಕ್ತಾವ' ಅಂದ್ರು. ಆದ್ರ ಬೋರಲ ಮಲಗಿದ್ದರಾಗ ಹೋಗೂದು ಬಾಳ ಅಂತ. ಮಾರಿ ಮ್ಯಾಲ ಕಂಬಳಿ, ಮೆತ್ತನ ದಿಂಬು, ಹೊಗಿ, ಸೆಕಿ, ಇವೆಲ್ಲಾ ಕೂಡಿದ್ರ ಇನ್ನೂ ಬಾಳ. 'ಅವನ್ನ ತಗೀರಿ, ಅಷ್ಟು ಭಯ ಕಡಿಮಿ ಆಗ್ತದ. ಅಷ್ಟ ನಮ್ಮ ಕೈಯಾಗ ಇರೂದು' ಅಂದ್ರು. ನನ್ನ ಕೈಯಾಗ ಇದ್ದಷ್ಟು ಮಾಡೀನಿ, ಅತ್ತಿ."

"ಕದ್ದು ಮಾಡಿದಿ."

"ಹೌದ್ರಿ. ನೀವು ಸಣ್ಣತ್ತಿ ಮ್ಯಾಲ ಗುಮಾನಿ ಪಟ್ಟಾಗ ಸುಮ್ಮನಿದ್ದೆ. ನಿಮ್ಮ ಕಣ್ಣು ಆ ಕಡಿ ಇದ್ರ ನನ್ನ ಕೈ ಈ ಕಡಿ ನಡೀತಿತ್ತು." ಅವಳು ಸುಗಲಮ್ಮನತ್ತ ಕೈ ತೋರಿದಳು. "ಅವರಿಗೆ ಅನ್ಯಾಯ ಆತು. ಗೊತ್ತಿದ್ದ ಮಾಡೀನಿ. ನನಗ ಕೂಸು ಬೇಕಾಗಿತ್ತು."

"ಮತ್ತ ನೀ?" ರೇಣಮ್ಮ ಈಗ ಸುಗಲಮ್ಮನ ಕಡೆ ತಿರುಗಿದಳು. "ನಿನಗೇನು ಬೇಕಾಗಿತ್ತು? ಇಷ್ಟ ಮಾತ ಅನ್ನಿಸಿಕೊಂಡು ಬಾಯಿ ಮುಚಗೊಂಡು ಇರಾಕ?"

"ಕೂಸು ನೋಡಾಕ ಸಿಗತಿತ್ತಲ್ಲ ಯಕ್ಕ," ಅಂದಳು ಸುಗಲಮ್ಮ. "ಓಣ್ಯಾಗ ಯಾರ ತೋರಿಸ್ತಾರ ನನಗ?"

ರೇಣಮ್ಮ ಅಲ್ಲಿ ನಿಲ್ಲಲಿಲ್ಲ. ದೊಡ್ಡಿಗೆ ಹೋಗಿ ಮರಿಗಳ ನಡುವೆ ಕುಕ್ಕರಿಸಿದಳು. ಇಬ್ಬರೂ ಸೇರಿ ಆಟ ಕಟ್ಟಿದ್ದಾರೆ ಎಂದುಕೊಂಡಳು. ಸಿಸ್ಟರ್ ಹೇಳಿದ್ದು ಸುಳ್ಳಿರಬೇಕು ಎಂದುಕೊಂಡಳು. ಸಿಸ್ಟರಿಗೆ ಸುಳ್ಳಿನಿಂದ ಏನು ಲಾಭ ಎಂದು ಹುಡುಕಿದಳು, ಸಿಗಲಿಲ್ಲ. ಮೆಹನಾಜಳಿಗೇನು ಲಾಭ? ಅದೂ ಸಿಗಲಿಲ್ಲ. ಗುಮಾನಿ ಎನ್ನುವುದು ನಾಯಿಯ ಹಾಗೆ. ಅಟ್ಟಿದ ಕಡೆಯೆಲ್ಲ ಓಡಿ, ಎಲ್ಲೂ ಏನೂ ಸಿಗದಿದ್ದರೆ ತಿರುಗಿ ಒಡೆಯನ ಕಾಲ ಬಳಿಯೇ ಬಂದು ಮೂಸುತ್ತದೆ. ಅಬ್ಬೆತುಮಕೂರಿನ ಆ ಮುಂಜಾನೆ ಅವಳು ಕೂಸನ್ನು ಎತ್ತಿದಾಗ ಪುಟ್ಟ ಮೂಗು ಚಪ್ಪಟೆಯಾಗಿತ್ತು. ಕೆನ್ನೆಯ ಮೇಲೆ ಕಂಬಳಿಯ ನೂಲಿನ ಗೆರೆ ಮೂಡಿತ್ತು. ಅವಳು ಅದರ ಮೇಲೆ ಭಂಡಾರ ಬಳಿದು ಮುಚ್ಚಿದ್ದಳು. ಮೊಮ್ಮಗನ ಕೆನ್ನೆಯ ಮೇಲೂ ಅದೇ ಗೆರೆ ಇತ್ತು. ಅಲ್ಲಿಯೂ ಭಂಡಾರ ಬಳಿದವಳು ಅವಳೇ. ಕಂಡಿದ್ದಳು, ಕಂಡದ್ದು ಏನೆಂದು ತನ್ನನ್ನು ತಾನೇ ಕೇಳಿಕೊಂಡಿರಲಿಲ್ಲ. ಗಾಳಿ, ಕಣ್ಣು, ಕರ್ಮ, ಯಾವುದಾದರೂ ಬರಲಿ, ಆ ಗೆರೆಯೊಂದು ಬೇಡವಾಗಿತ್ತು.

ಗೆರೆಯಿಂದಲೇ ಹೋದವು ಎಂದು ಸಿಸ್ಟರ್ ಕೂಡ ಹೇಳಲಾರಳು. ಅಲ್ಲವೆಂದು ಹೇಳುವವರೂ ಇಲ್ಲ.

ಮುಂದಿನ ದಿನಗಳಲ್ಲಿ ಮನೆಯಲ್ಲಿ ಮಾತು ಕಡಿಮೆಯಾಯಿತು. ರೇಣಮ್ಮ ಎರೆಯುವುದನ್ನು ಬಿಡಲಿಲ್ಲ. ಎರೆದ ಮೇಲೆ ಲೋಬಾನ ಹಾಕಲಿಲ್ಲ. ಒರೆಸಿ ತಾಯಿಯ ಕೈಗೆ ಕೊಟ್ಟುಬಿಡುತ್ತಿದ್ದಳು. ಕಂಬಳಿಯನ್ನು ತಾನೇ ಒಯ್ದು ದೊಡ್ಡಿಯ ಗಳಕ್ಕೆ ಹಾಕಿದಳು. ಅಂಗಾತ ಮಲಗಿದ ಕೂಸನ್ನು ಕಂಡಾಗೆಲ್ಲ ಅವಳ ಬೆರಳುಗಳು ತಾವಾಗಿ ಮುಂದಾಗುತ್ತಿದ್ದವು. ಆಗ ಎದ್ದು ಅಂಗಳಕ್ಕೆ ಹೋಗುತ್ತಿದ್ದಳು.

ಒಂದು ದಿನ ರೇಷನ್ ಅಂಗಡಿಯಿಂದ ಕರೆ ಬಂತು, ನಂದಿನಿಯೇ ಬಂದು ಹೆಬ್ಬೆಟ್ಟು ಒತ್ತಬೇಕೆಂದು. ನಂದಿನಿ ಕೂಸಿಗೆ ಕುಡಿಸಿ, ತೇಗಿಸಿ, ಮಲಗಿಸಿದಳು. ನಡುಬಾಗಿಲು ಪೂರ್ತಿ ತೆರೆದಳು. "ಸಣ್ಣತ್ತಿ, ಜರಾ ಕೂಸಿನ ಹತ್ರ ಕುಂದರ್ರಿ," ಎಂದು ಕರೆದಳು. ರೇಣಮ್ಮ ಅಲ್ಲೇ, ಹೊಸ್ತಿಲ ಮೇಲೆ, ಅಕ್ಕಿ ಆರಿಸುತ್ತ ಕೂತಿದ್ದಳು. ಅವಳಿಗೆ ಏನೂ ಹೇಳದೆ ಹುಡುಗಿ ಚೀಲ ಹಿಡಿದು ಹೋದಳು.

ಸುಗಲಮ್ಮ ಬಂದು ಕೂತಳು. ಇಬ್ಬರ ನಡುವೆ ಕೂಸು.

"ನೀ ಬಾ ಯಕ್ಕ, ಹತ್ರ ಕುಂದ್ರು. ನಾ ಅತ್ತ ಹೋಗ್ತೀನಿ."

"ಬ್ಯಾಡ, ನೀ ಇರು," ಅಂದಳು ರೇಣಮ್ಮ. "ನಾ ಒಬ್ಬಾಕಿನ ಇದ್ದರ ನನ್ನ ಕೈ ಸುಮ್ಮನಿರೂದಿಲ್ಲ."

ಹಿತ್ತಲಿನಿಂದ ಮಾಗಿಯ ಗಾಳಿ ಬೀಸಿತು. ಕೂಸು ಒಂದು ಸಲ ದೊಡ್ಡದಾಗಿ ಉಸಿರೆಳೆದು ಸುಮ್ಮನಾಯಿತು. ರೇಣಮ್ಮನ ಮೊರದ ಅಕ್ಕಿ ಅಲ್ಲೇ ನಿಂತಿತು.

"ಉಸುರು ಅದ ಏನು ನೋಡು."

"ಅದ ಯಕ್ಕ."

"ಹೊಟ್ಟಿ ಏರಾಕತ್ತದೇನು?"

"ಏರಾಕತ್ತದ, ಇಳ್ಯಾಕತ್ತದ. ನೀ ಅಕ್ಕಿ ಆರಸು."

ಆಗ ಎದುರು ಅಂಗಡಿಯ ಅನ್ನಮ್ಮ ಬಾಗಿಲಲ್ಲಿ ತಲೆ ಹಾಕಿದಳು. ಬಂದದ್ದು ಹಾಲಿಗೆ ಹೆಪ್ಪು ಕೇಳಲು, ಕಂಡದ್ದು ಬೇರೆ. ರೇಣಮ್ಮನ ಕಿವಿಯ ಹತ್ತಿರ ಬಗ್ಗಿದಳು.

"ಏನ ರೇಣವ್ವ, ತಲಿ ನೆಟ್ಟಗದ ಏನು? ಆಕಿನ್ನ ಕೂಸಿನ ಹತ್ರ ಕುಂದ್ರಿಸೀಯಲ್ಲ?"

"ಕುಂದ್ರಿಸೀನಿ. ನಿನಗೇನು ತ್ರಾಸ?"

"ನನಗ್ಯಾಕ ತ್ರಾಸ? ನೀನ ಹೇಳಿದಿ, ಆಕಿ ಕಣ್ಣಿಗೆ ಮದಲಿಂದು ಹೋತು ಅಂತ. ನನ್ನ ಅಂಗಡಿ ಕಟ್ಟಿಮ್ಯಾಲ ಕುಂತ ಹೇಳಿದಿ."

ಸುಗಲಮ್ಮ ಕೂಸಿನಿಂದ ಕಣ್ಣೆತ್ತಲಿಲ್ಲ. ನೊಣ ಓಡಿಸುವ ಸೆರಗು ಮಾತ್ರ ನಿಂತಿತು.

ರೇಣಮ್ಮ ಮೊರ ಕೆಳಗಿಟ್ಟಳು. ಪಿಸುಮಾತಿಗೆ ಪಿಸುಮಾತಿನಲ್ಲೇ ಉತ್ತರ ಕೊಡಬಹುದಿತ್ತು. ಓಣಿಗೆ ಕೇಳುವ ಹಾಗೆ ಹೇಳಿದಳು: "ಹೇಳಿದ್ದೆ. ಗೊತ್ತಿಲ್ಲದ ಮಾತ ಹೇಳಿದ್ದೆ. ಕಣ್ಣು ತಾಗಿ ಹೋಗಿಲ್ಲ ಅದು. ಕೂಸಿನ್ನ ಎರದು, ಬೋರಲ ಹಾಕಿ, ಮಾರಿ ತನಕ ಕಂಬಳಿ ಹೊಚ್ಚಿ ಹೋದಾಕಿ ನಾನು. ಈಕಿ ಆವತ್ತು ಈ ಮನ್ಯಾಗ ಕಾಲಿಟ್ಟಿರಲಿಲ್ಲ. ಹೋಗು, ಇದನ್ನೂ ನಿನ್ನ ಕಟ್ಟಿಮ್ಯಾಲ ಕುಂತು ಹೇಳು. ಅದನ್ನ ಹೇಳಿದಷ್ಟ ದಮ್ಮಿನಿಂದ ಹೇಳು."

ಅನ್ನಮ್ಮ ಹೆಪ್ಪು ಕೇಳುವುದನ್ನು ಮರೆತು ಹೋದಳು. ಹೋಗುವಾಗ ಅವಳು ರೇಣಮ್ಮನನ್ನು ನೋಡಿದ ನೋಟ ಚಲೋದಿರಲಿಲ್ಲ. ಸಂಜೆಯೊಳಗೆ ಓಣಿ ತುಂಬ ಮಾತು ಓಡಾಡುತ್ತದೆ, ಇನ್ನು ಸೆರಗು ಎಳೆಯುವುದು ತನ್ನನ್ನು ಕಂಡು ಎಂದು ರೇಣಮ್ಮನಿಗೆ ಗೊತ್ತಿತ್ತು. ಎಳೆಯಲಿ. ಸೆರಗು ಎಳೆಯುವವರು ಕೂಸಿನ ಮೂಗು ಮುಚ್ಚದಿದ್ದರಾಯಿತು.

ಸುಗಲಮ್ಮ ಮತ್ತೆ ನೊಣ ಓಡಿಸತೊಡಗಿದಳು. "ಅದರ ಹೆಸರೇನಿತ್ತು ಯಕ್ಕ? ಅಬ್ಬೆತುಮಕೂರಿಂದು?" ಎಂದು ಕೇಳಿದಳು. "ನನಗ ಮರ್ತದ."

"ಸಾಯಬಮ್ಮ," ಅಂದಳು ರೇಣಮ್ಮ. "ನಮ್ಮವ್ವನ ಹೆಸರು."

ನಂದಿನಿ ಬಂದಳು. ಚಪ್ಪಲಿ ಬಿಡುವ ಮೊದಲೇ ಅವಳ ಕಣ್ಣು ಕೂಸಿನ ಮುಖಕ್ಕೆ ಹೋಯಿತು, ಅಲ್ಲಿಂದ ಅತ್ತೆಯ ಕೈಗಳಿಗೆ. ಕೈಗಳು ಮೊರದಲ್ಲಿದ್ದವು. ಓಣಿಯ ಮೂಲೆಯಲ್ಲಿ ಏನು ಕೇಳಿಕೊಂಡು ಬಂದಿದ್ದಳೋ, ಅವಳ ಮುಖ ಕೆಂಪಗಿತ್ತು. ಕೂಸಿಗೆ ಆಗಲೇ ಎಚ್ಚರವಾಗಿತ್ತು. ಕಣ್ಣು ಪಿಳಿಪಿಳಿ ಬಿಟ್ಟು ಕಾಲು ಆಡಿಸುತ್ತಿತ್ತು.

ನಂದಿನಿ ಅದನ್ನು ಎತ್ತಿದಳು. ಅತ್ತೆಯ ಹತ್ತಿರ ಬಂದಳು.

"ಅತ್ತಿ, ಎಚ್ಚರಿದ್ದಾಗ ಸ್ವಲ್ಪ ಹೊತ್ತು ಬೋರಲ ಹಾಕಬೇಕಂತ್ರಿ. ಕುತಿಗಿ ಗಟ್ಟಿ ಆಗ್ತದಂತ. ಎದುರಿಗೆ ಒಬ್ಬರು ಕುಂತು ನೋಡ್ಕೊಂತ ಇರಬೇಕು."

ರೇಣಮ್ಮ ಕೈಯಲ್ಲಿದ್ದ ಅಕ್ಕಿಯ ಧೂಳು ಸೀರೆಗೆ ಒರೆಸಿಕೊಂಡಳು. ಕಾಲು ಚಾಚಿದಳು. ಕೂಸನ್ನು ತೆಗೆದುಕೊಂಡು ತನ್ನ ಮೊಳಕಾಲುಗಳ ಮೇಲೆ ಬೋರಲು ಹಾಕಿ ಬೆನ್ನು ಉಜ್ಜಿದಳು. ಕೂಸು ತಲೆಯೆತ್ತಲು ಹೆಣಗಿತು, ನಡುಗಿತು, ಎತ್ತಿತು, ಮತ್ತೆ ಸೀರೆಯೊಳಗೆ ಮೂಗು ಹಾಕಿತು. ರೇಣಮ್ಮ ಥಟ್ಟನೆ ಗದ್ದಕ್ಕೆ ಬೆರಳು ಕೊಟ್ಟು ಮುಖವನ್ನು ಪಕ್ಕಕ್ಕೆ ತಿರುಗಿಸಿದಳು.

ನಂದಿನಿ ಅಕ್ಕಿ ಚೀಲ ಒಳಗಿಡಲು ಹೋಗಲಿಲ್ಲ. ಚೀಲವನ್ನು ಕಾಲ ಬಳಿ ಇಳಿಸಿ, ಅಲ್ಲೇ ನಿಂತು ನೋಡುತ್ತಿದ್ದಳು. ರೇಣಮ್ಮನೂ ಹೋಗು ಅನ್ನಲಿಲ್ಲ.